ಡೀಬಗ್‌ಇನ್ಫೋಡಿ ಮತ್ತು ಜಿಡಿಬಿ: ಶೇರ್ಡ್ ಲೈಬ್ರರಿಯ ಸಿಂಬಲ್ ಹುಡುಕಲು ಈ ಜೋಡಿಯನ್ನು ಎಷ್ಟು ನಂಬಬಹುದು?

ಕ್ರ್ಯಾಶ್ ಆದ ಪ್ರೋಗ್ರಾಂನ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿ) ಅನ್ನು ಜಿಡಿಬಿ ಎಂಬ ಡೀಬಗರ್‌ನಲ್ಲಿ ತೆಗೆದರೆ ಹತ್ತು ಫ್ರೇಮ್‌ಗಳಲ್ಲಿ, ಅಂದರೆ ಪಟ್ಟಿಯ ಹತ್ತು ಸಾಲುಗಳಲ್ಲಿ, ಏಳಕ್ಕೆ ಫಂಕ್ಷನ್ ಹೆಸರೇ ಇಲ್ಲ, ಬರೀ ‘??’. ಆಗ ಹೆಚ್ಚಿನವರು ಆ ಲೈಬ್ರರಿಯ ಡೀಬಗ್ ಪ್ಯಾಕೇಜ್ ಹುಡುಕಿ ಹಾಕಿಕೊಳ್ಳುತ್ತಾರೆ. ಹೆಸರು ಸರಿ, ಆವೃತ್ತಿ ಸಂಖ್ಯೆಯೂ ಸರಿ, ಆದರೂ ‘??’ ಕದಲುವುದಿಲ್ಲ. ಅದೇ ಆವೃತ್ತಿಯನ್ನು ಇನ್ನೊಮ್ಮೆ ಬಿಲ್ಡ್ ಮಾಡಿದ್ದಾರೆ, ಫಂಕ್ಷನ್‌ಗಳ ವಿಳಾಸ ಬದಲಾಗಿದೆ, ಅಷ್ಟೇ. ಬೇಕಾದ ಡೀಬಗ್ ಮಾಹಿತಿಯನ್ನು ಸರ್ವರ್‌ನಿಂದ ತಂದುಕೊಟ್ಟು ಈ ರಗಳೆಯನ್ನು ಬುಡದಲ್ಲೇ ಕತ್ತರಿಸುವ ಸೇವೆ ಡೀಬಗ್‌ಇನ್ಫೋಡಿ. 2019ರ ನವೆಂಬರ್‌ನಲ್ಲಿ ಎಲ್ಫ್‌ಯುಟಿಲ್ಸ್ ಎಂಬ ಉಪಕರಣಗಳ ಕಟ್ಟಿನ 0.178ನೇ ಆವೃತ್ತಿಯ ಜೊತೆ ಬಂತು. ಮರುವರ್ಷ ಬಂದ ಜಿಡಿಬಿ 10 ಇದರೊಡನೆ ನೇರವಾಗಿ ಮಾತಾಡಲು ಕಲಿಯಿತು. ಈಗ ಫೆಡೋರಾ, ಡೆಬಿಯನ್, ಉಬುಂಟು, ಆರ್ಚ್, ಓಪನ್‌ಸೂಸೆ ಎಲ್ಲವೂ ತಮ್ಮದೇ ಸರ್ವರ್ ನಡೆಸುತ್ತಿವೆ.

ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಲಿನಕ್ಸ್‌ನಲ್ಲಿ ದಿನಾ ಡೀಬಗ್ ಮಾಡುವವರು ಇದನ್ನು ಹಾಕಿಕೊಳ್ಳಲೇಬೇಕು. ಆದರೆ ಸಿಂಬಲ್ (ಫಂಕ್ಷನ್, ವೇರಿಯಬಲ್‌ಗಳ ಹೆಸರು) ಹುಡುಕಾಟದಲ್ಲಿ ಮೂರು ಹಂತಗಳಿವೆ. ಯಾವ ಲೈಬ್ರರಿ ಎಲ್ಲಿ ಲೋಡ್ ಆಗಿದೆ ಎಂದು ತಿಳಿಯುವುದು, ಅದೇ ಫೈಲ್ ನಮ್ಮ ಕೈಯಲ್ಲಿದೆಯೇ ಎಂದು ಖಚಿತ ಮಾಡಿಕೊಳ್ಳುವುದು, ಅದರ ಡೀಬಗ್ ಮಾಹಿತಿ ತರುವುದು. ಡೀಬಗ್‌ಇನ್ಫೋಡಿ ಮೂರನೆಯದನ್ನು ಅಚ್ಚುಕಟ್ಟಾಗಿ ಮಾಡುತ್ತದೆ, ಎರಡನೆಯದರಲ್ಲಿ ಸ್ವಲ್ಪ ಕೈಜೋಡಿಸುತ್ತದೆ. ಮೊದಲನೆಯದು ಜಿಡಿಬಿಯ ಪಾಲಿನದು. ಅದು ಕೈಕೊಟ್ಟರೆ ಯಾವ ಸರ್ವರ್ ಇದ್ದೂ ಪ್ರಯೋಜನವಿಲ್ಲ.

ಮೊದಲ ಹಂತದಿಂದಲೇ ಶುರು ಮಾಡೋಣ. ಪ್ರೋಗ್ರಾಂನ ಡೈನಮಿಕ್ ಸೆಕ್ಷನ್‌ನಲ್ಲಿ ಡಿಟಿ_ಡೀಬಗ್ ಎಂಬ ಒಂದು ನಮೂದು ಇರುತ್ತದೆ. ಡಿಸ್ಕ್ ಮೇಲಿನ ಫೈಲ್‌ನಲ್ಲಿ ಅದರ ಬೆಲೆ ಸೊನ್ನೆ. ಪ್ರೋಗ್ರಾಂ ಶುರುವಾದಾಗ, ಲೈಬ್ರರಿಗಳನ್ನು ಲೋಡ್ ಮಾಡಿ ಜೋಡಿಸುವ ಡೈನಮಿಕ್ ಲಿಂಕರ್ ಅಲ್ಲಿ ಆರ್_ಡೀಬಗ್ ಎಂಬ ರಚನೆಯ ವಿಳಾಸ ತುಂಬುತ್ತದೆ. ಆ ರಚನೆಯಿಂದ ಲಿಂಕ್_ಮ್ಯಾಪ್ ಎಂಬ ಸರಪಳಿ ಹೊರಡುತ್ತದೆ, ಲೋಡ್ ಆದ ಪ್ರತಿ ಲೈಬ್ರರಿಗೂ ಒಂದೊಂದು ಕೊಂಡಿ. ಒಂದು ಕೊಂಡಿಯಲ್ಲಿ ನಮಗೆ ಬೇಕಾದದ್ದು ಮೂರು: ಫೈಲ್‌ನಲ್ಲಿ ಬರೆದ ವಿಳಾಸಕ್ಕೂ ಮೆಮೊರಿಯಲ್ಲಿನ ವಿಳಾಸಕ್ಕೂ ಇರುವ ಅಂತರ, ಫೈಲ್‌ನ ಹೆಸರು, ಅದರ ಡೈನಮಿಕ್ ಸೆಕ್ಷನ್ ಇರುವ ಜಾಗ. ಜಿಡಿಬಿ ಈ ಸರಪಳಿಯನ್ನು ಒಂದು ತುದಿಯಿಂದ ಓದಿಕೊಂಡು ಹೋಗುತ್ತದೆ. ಆಮೇಲೆ ಪ್ರೋಗ್ರಾಂ ಡಿಎಲ್‌ಓಪನ್ ಮಾಡಿ ಹೊಸ ಲೈಬ್ರರಿ ತಂದರೆ ಗೊತ್ತಾಗಲೆಂದು ಡೈನಮಿಕ್ ಲಿಂಕರ್‌ನ ಒಳಗೇ ಒಂದು ಬ್ರೇಕ್‌ಪಾಯಿಂಟ್ ಇಟ್ಟಿರುತ್ತದೆ. ಹಿಂದೆ ಅದನ್ನು ಇಡುತ್ತಿದ್ದದ್ದು _ಡಿಎಲ್_ಡೀಬಗ್_ಸ್ಟೇಟ್ ಎಂಬ ಖಾಲಿ ಫಂಕ್ಷನ್ ಮೇಲೆ. ಈಗಿನ ಜಿಲಿಬ್‌ಸಿಯಲ್ಲಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಅದಕ್ಕೆಂದೇ ಗುರುತು ಹಾಕಿಟ್ಟ ಜಾಗಗಳು, ಅಂದರೆ ಪ್ರೋಬ್‌ಗಳಿವೆ. ಪ್ರೋಬ್ ಇದ್ದರೆ ಏನು ಸೇರಿತೋ ಅಷ್ಟನ್ನೇ ಓದಿದರೆ ಸಾಕು, ಪ್ರತಿ ಸಲ ಇಡೀ ಸರಪಳಿ ಓದಬೇಕಿಲ್ಲ. ನೂರಾರು ಪ್ಲಗಿನ್ ಎಳೆದುಕೊಳ್ಳುವ ಪ್ರೋಗ್ರಾಂಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಇದು ಮುರಿಯುವುದು ಸಾಮಾನ್ಯವಾಗಿ ಎಂಬೆಡೆಡ್ ಬೋರ್ಡ್‌ಗಳಲ್ಲಿ. ಜಾಗ ಉಳಿಸಲು ಎಲ್ಲವನ್ನೂ ಸ್ಟ್ರಿಪ್ ಮಾಡುವವರು (ಸಿಂಬಲ್, ಡೀಬಗ್ ಮಾಹಿತಿ ಕಿತ್ತುಹಾಕುವವರು) ಡೈನಮಿಕ್ ಲಿಂಕರ್ ಅನ್ನೂ ಬಿಡದೆ ಸ್ಟ್ರಿಪ್ ಮಾಡಿಬಿಡುತ್ತಾರೆ. ಆಗ ಡೈನಮಿಕ್ ಲಿಂಕರ್‌ನ ಬ್ರೇಕ್‌ಪಾಯಿಂಟ್ ಫಂಕ್ಷನ್ ಸಿಗಲಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಅದನ್ನು ಗಮನಿಸದೆ ಮುಂದೆ ಹೋದರೆ, ಡಿಎಲ್‌ಓಪನ್ ಆದ ಲೈಬ್ರರಿಗಳು ಜಿಡಿಬಿಯ ಲೆಕ್ಕಕ್ಕೇ ಬರುವುದಿಲ್ಲ. ಆ ಒಂದು ಫೈಲ್‌ನಲ್ಲಿ ಸಿಂಬಲ್ ಪಟ್ಟಿ ಉಳಿಸಿಕೊಂಡರೆ ಸಮಸ್ಯೆ ಮುಗಿಯಿತು, ಹೆಚ್ಚುವ ಗಾತ್ರ ಅತ್ಯಲ್ಪ.

ಎರಡನೇ ಹಂತಕ್ಕೆ ಬಂದರೆ, ನೋಡಬೇಕಾದ ಮೊದಲ ಕಮಾಂಡ್ ‘ಇನ್ಫೋ ಶೇರ್ಡ್‌ಲೈಬ್ರರಿ’. ಸಿಂಬಲ್ ಓದಿದೆಯೇ ಎಂಬ ಕಾಲಂನಲ್ಲಿ ಮೂರು ಬಗೆಯ ಉತ್ತರ ಬರುತ್ತದೆ. ‘ಯೆಸ್’ ಎಂದರೆ ಎಲ್ಲವೂ ಸರಿ. ‘ಯೆಸ್’ ಪಕ್ಕದಲ್ಲಿ ನಕ್ಷತ್ರ ಇದ್ದರೆ ಲೈಬ್ರರಿ ಫೈಲ್ ಸಿಕ್ಕಿದೆ, ಡೀಬಗ್ ಮಾಹಿತಿ ಸಿಕ್ಕಿಲ್ಲ. ‘ನೋ’ ಎಂದರೆ ಅದರ ಸಿಂಬಲ್ ಓದಿಯೇ ಇಲ್ಲ, ಬಹುತೇಕ ಸಲ ಫೈಲೇ ಸಿಕ್ಕಿಲ್ಲ. ನಕ್ಷತ್ರಕ್ಕೂ ‘ನೋ’ಗೂ ಅಜಗಜಾಂತರ. ಸ್ಟ್ರಿಪ್ ಆದ ಲೈಬ್ರರಿಯಲ್ಲೂ ಸ್ಟ್ಯಾಕ್ ಬಿಚ್ಚಲು (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂದು ಹಿಂದಕ್ಕೆ ಹೋಗಿ ತಿಳಿಯಲು) ಬೇಕಾದ ಇಎಚ್_ಫ್ರೇಮ್ ಕೋಷ್ಟಕ ಉಳಿದಿರುತ್ತದೆ. ಹಾಗಾಗಿ ಹೆಸರು ಕಾಣದಿದ್ದರೂ 64 ಬಿಟ್‌ನ ಎಕ್ಸ್86 ಮೇಲೆ ಫ್ರೇಮ್‌ಗಳ ಎಣಿಕೆ ಸರಿಯಾಗಿಯೇ ಬರುತ್ತದೆ. ಫೈಲೇ ಇಲ್ಲದಿದ್ದರೆ ಆ ಕೋಷ್ಟಕವೂ ಇಲ್ಲ, ಜಿಡಿಬಿ ಊಹೆಯ ಮೇಲೆ ಸ್ಟ್ಯಾಕ್ ಬಿಚ್ಚುತ್ತದೆ. ಅಲ್ಲಿಂದ ಮೇಲಿನ ಫ್ರೇಮ್‌ಗಳಲ್ಲಿ ಹೆಸರು ಕಂಡರೂ ನಂಬಬೇಡಿ.

ಇದೇ ಪಟ್ಟಿಯ ಆರಂಭದ ವಿಳಾಸದಲ್ಲಿ ತುಂಬಾ ಜನ ಎಡವುತ್ತಾರೆ. ಜಿಡಿಬಿಯ ಹೆಚ್ಚಿನ ಆವೃತ್ತಿಗಳಲ್ಲಿ ಅದು ಲೈಬ್ರರಿ ಲೋಡ್ ಆದ ಬುನಾದಿ ವಿಳಾಸವಲ್ಲ, ಟೆಕ್ಸ್ಟ್ ಸೆಕ್ಷನ್ ಶುರುವಾಗುವ ವಿಳಾಸ. ಬುನಾದಿ ಬೇಕಿದ್ದರೆ ‘ಇನ್ಫೋ ಪ್ರಾಕ್ ಮ್ಯಾಪಿಂಗ್ಸ್’ ನೋಡಬೇಕು. ಲೆಕ್ಕ ಹೀಗೆ ಬರುತ್ತದೆ (ಎಲ್ಲವೂ ಹೆಕ್ಸ್). ಕ್ರ್ಯಾಶ್ ಆದ ವಿಳಾಸ 721045629190, ಮ್ಯಾಪಿಂಗ್‌ನಲ್ಲಿ ಆ ಲೈಬ್ರರಿಯ ಮೊದಲ ಸಾಲು 721045600000. ಕಳೆದರೆ 29190. ಫೈಲ್‌ನ ಸಿಂಬಲ್ ಪಟ್ಟಿಯಲ್ಲಿ ಹುಡುಕಬೇಕಾದದ್ದು ಈ 29190 ಎಂಬ ಸಂಖ್ಯೆಯನ್ನು. ಪಟ್ಟಿಯ ಆರಂಭದ ವಿಳಾಸ, ಅಂದರೆ 721045604320, ಕಳೆದು 24E70 ಎಂದು ಹಿಡಿದು ಹೊರಟರೆ ಬೇರೆ ಯಾವುದೋ ಫಂಕ್ಷನ್‌ನ ಹೆಸರು ಸಿಗುತ್ತದೆ, ಅದೂ ನಂಬುವ ಹಾಗೇ ಇರುತ್ತದೆ. ‘ಆ್ಯಡ್-ಸಿಂಬಲ್-ಫೈಲ್’ ಕಮಾಂಡ್‌ನದು ಇದಕ್ಕೆ ವಿರುದ್ಧ. ಅದು ಕೇಳುವುದೇ ಟೆಕ್ಸ್ಟ್ ಸೆಕ್ಷನ್ ವಿಳಾಸ, ಅಲ್ಲಿ 721045604320 ಕೊಡಬೇಕು. ಬುನಾದಿಯನ್ನೇ ಕೊಡುವುದಾದರೆ ಆಫ್‌ಸೆಟ್ ಆಯ್ಕೆಯನ್ನು ಬಳಸಿ.

ಕೈಲೆಕ್ಕ ಮಾಡುವವರಿಗೆ ಇನ್ನೊಂದು ಮಾತು. ಮೇಲಿನ ಫ್ರೇಮ್‌ಗಳಲ್ಲಿ ಕಾಣುವುದು ಹಿಂತಿರುಗುವ ವಿಳಾಸ, ಅಂದರೆ ಕಾಲ್ ಆದ ನಂತರದ ಸೂಚನೆ. ಅಬಾರ್ಟ್‌ನಂಥ ಮರಳಿ ಬಾರದ ಫಂಕ್ಷನ್‌ಗೆ ಮಾಡಿದ ಕಾಲ್ ಒಂದು ಫಂಕ್ಷನ್‌ನ ಕಟ್ಟಕಡೆಯ ಸೂಚನೆಯಾಗಿದ್ದರೆ, ಮುಂದಿನ ವಿಳಾಸ ಪಕ್ಕದ ಫಂಕ್ಷನ್‌ಗೆ ಸೇರಿಬಿಡುತ್ತದೆ. ಒಂದನ್ನು ಕಳೆದು ಹುಡುಕಬೇಕು. ಜಿಡಿಬಿ ಇದನ್ನು ತಾನೇ ಮಾಡುತ್ತದೆ. ವಿಳಾಸವನ್ನು ನೀವೇ ಆ್ಯಡರ್2ಲೈನ್‌ಗೆ ಕೊಟ್ಟರೆ ಅದು ಮಾಡುವುದಿಲ್ಲ.

ಬೇರೆ ಯಂತ್ರದ ಕೋರ್ ಫೈಲ್ (ಕ್ರ್ಯಾಶ್ ಆದಾಗಿನ ಮೆಮೊರಿಯ ನಕಲು) ತೆರೆಯುವಾಗ ‘ಸೆಟ್ ಸಿಸ್‌ರೂಟ್’ ಬೇಕೇ ಬೇಕು. ಕೊಂಡಿಯಲ್ಲಿರುವ ಹೆಸರಿನ ಮುಂದೆ ಜಿಡಿಬಿ ಈ ಡೈರೆಕ್ಟರಿಯನ್ನು ಸೇರಿಸಿ ಹುಡುಕುತ್ತದೆ. ಅದನ್ನು ಹೇಳದಿದ್ದರೆ ನಿಮ್ಮ ಸ್ವಂತ ಯಂತ್ರದ ಲಿಬ್‌ಸಿಯನ್ನೇ ಎತ್ತಿಕೊಂಡು ಓದುತ್ತದೆ. ‘ಸಾಲಿಬ್-ಸರ್ಚ್-ಪಾತ್’ ಬಳಸುವವರು ತಪ್ಪುವುದೂ ಇಲ್ಲೇ. ಅದರ ಸರದಿ ಬರುವುದು ಸಿಸ್‌ರೂಟ್‌ನಲ್ಲಿ ಫೈಲ್ ಸಿಗದಿದ್ದಾಗ ಮಾತ್ರ. ನಿಮ್ಮ ಯಂತ್ರದಲ್ಲಿ ಅದೇ ಹೆಸರಿನ ಲೈಬ್ರರಿ ಇದ್ದರೆ ಆ ಸರದಿ ಬರುವುದೇ ಇಲ್ಲ. ಹಾಗಾಗಿ ಸಿಸ್‌ರೂಟ್‌ಗೆ ಇಲ್ಲದ ಡೈರೆಕ್ಟರಿಯೊಂದರ ಹೆಸರು ಕೊಟ್ಟು, ಆಮೇಲೆ ಸಾಲಿಬ್-ಸರ್ಚ್-ಪಾತ್ ಹೊಂದಿಸಬೇಕು.

ಫೈಲ್ ತಪ್ಪಾಗಿದ್ದರೆ ಜಿಡಿಬಿ ಹೇಳುವುದಿಲ್ಲವೇ? ಹೇಳುತ್ತದೆ, ಎಲ್ಲ ಸಲವೂ ಅಲ್ಲ. ಡೈನಮಿಕ್ ಸೆಕ್ಷನ್ ನಿರೀಕ್ಷಿಸಿದ ಜಾಗದಲ್ಲಿಲ್ಲ, ಆವೃತ್ತಿ ಹೊಂದುತ್ತಿಲ್ಲವೇನೋ ಎಂಬ ಎಚ್ಚರಿಕೆ ಬಂದರೆ ಫೈಲ್ ತಪ್ಪೆಂದೇ ಹಿಡಿಯಿರಿ. ಆದರೆ ಆ ಪರೀಕ್ಷೆ ನೋಡುವುದು ಒಂದು ಸೆಕ್ಷನ್‌ನ ಜಾಗವನ್ನಷ್ಟೇ. ಎರಡು ಬಿಲ್ಡ್‌ಗಳಲ್ಲಿ ಆ ಸೆಕ್ಷನ್ ಒಂದೇ ಕಡೆ ಕೂತಿದ್ದರೆ ಎಚ್ಚರಿಕೆ ಬರದೆ ತಪ್ಪು ಹೆಸರುಗಳು ಬರುತ್ತವೆ. ಓಡುತ್ತಿರುವ ಪ್ರೋಗ್ರಾಂಗೆ ಅಟ್ಯಾಚ್ ಮಾಡುವಾಗಲೂ ಇದೇ ಅಪಾಯ ಕಾದಿರುತ್ತದೆ. ಪ್ರೋಗ್ರಾಂ ಓಡುತ್ತಿರುವಾಗಲೇ ಲೈಬ್ರರಿ ಅಪ್‌ಡೇಟ್ ಆಗಿದ್ದರೆ ಮೆಮೊರಿಯಲ್ಲಿ ಹಳೆಯದು, ಡಿಸ್ಕ್ ಮೇಲೆ ಹೊಸದು. ಪ್ರೋಸೆಸ್‌ನ ಮ್ಯಾಪ್ಸ್ ಫೈಲ್‌ನಲ್ಲಿ ಆ ಲೈಬ್ರರಿಯ ಸಾಲಿನ ಕೊನೆಗೆ ‘ಡಿಲೀಟೆಡ್’ ಎಂದಿದೆಯೇ ನೋಡಿಕೊಳ್ಳಿ.

ಖಾತ್ರಿಯಾದ ದಾರಿ ಬಿಲ್ಡ್-ಐಡಿ. ಲಿಂಕರ್ ಲೈಬ್ರರಿಯ ನೋಟ್ ಸೆಕ್ಷನ್‌ನಲ್ಲಿ ಬರೆಯುವ ಗುರುತು ಇದು. ಸಾಮಾನ್ಯವಾಗಿ 20 ಬೈಟ್, ಬರೆದರೆ 40 ಹೆಕ್ಸ್ ಅಕ್ಷರ. ಸ್ಟ್ರಿಪ್ ಮಾಡಿದರೂ ಅಳಿಯುವುದಿಲ್ಲ, ಲೋಡ್ ಆದಾಗ ಮೆಮೊರಿಗೂ ಬರುತ್ತದೆ. ಹಾಗಾಗಿ ಎಲ್ಫ್‌ಯುಟಿಲ್ಸ್‌ನ ಇಯು-ಅನ್‌ಸ್ಟ್ರಿಪ್ ಅನ್ನು ‘-ಎನ್’ ಆಯ್ಕೆಯೊಡನೆ ಪ್ರೋಸೆಸ್ ಸಂಖ್ಯೆಗೋ ಕೋರ್ ಫೈಲ್‌ಗೋ ಓಡಿಸಿದರೆ, ನಿಜವಾಗಿ ಲೋಡ್ ಆದ ಪ್ರತಿ ಲೈಬ್ರರಿಯ ವಿಳಾಸ, ಗಾತ್ರ, ಬಿಲ್ಡ್-ಐಡಿ ಒಂದೊಂದು ಸಾಲಿನಲ್ಲಿ ಸಿಗುತ್ತವೆ. ಡಿಸ್ಕ್ ಮೇಲಿನ ಫೈಲ್‌ನ ಬಿಲ್ಡ್-ಐಡಿಯನ್ನು ‘ರೀಡೆಲ್ಫ್ -ಎನ್’ ತೋರಿಸುತ್ತದೆ. ಎರಡನ್ನೂ ಹೋಲಿಸಿ ನೋಡಿದರೆ ವಾದಕ್ಕೆ ಜಾಗವೇ ಇಲ್ಲ. ಜಿಡಿಬಿ ಒಳಗೆ ಅರ್ಧ ದಿನ ಪರದಾಡುವ ಬದಲು ಈ ಎರಡು ನಿಮಿಷದ ಕೆಲಸವನ್ನು ಮೊದಲೇ ಮಾಡುವುದು ಎಷ್ಟೋ ಮೇಲು. ಕೋರ್ ಫೈಲ್‌ನಲ್ಲಿ ಬಿಲ್ಡ್-ಐಡಿ ಇರಬೇಕಾದರೆ ಲೈಬ್ರರಿಯ ಇಎಲ್‌ಎಫ್ ಹೆಡರ್ ಇರುವ ಪುಟವೂ ಡಂಪ್ ಆಗಿರಬೇಕು. ಪ್ರೋಸೆಸ್‌ನ ಕೋರ್‌ಡಂಪ್_ಫಿಲ್ಟರ್ ಬೆಲೆ ಹೆಕ್ಸ್ 33 ಇದ್ದರೆ ಅದು ಸೇರುತ್ತದೆ. ಯಾರಾದರೂ ಜಾಗ ಉಳಿಸಲು 23 ಮಾಡಿಟ್ಟಿದ್ದರೆ ಹೋಯಿತು.

ಇನ್ನು ಮೂರನೇ ಹಂತ. ಡೀಬಗ್ ಮಾಹಿತಿಯನ್ನು ಜಿಡಿಬಿ ಮೊದಲು ನಿಮ್ಮ ಡಿಸ್ಕ್‌ನಲ್ಲೇ ಹುಡುಕುತ್ತದೆ. ಬಿಲ್ಡ್-ಐಡಿ 4938 ಎಂದು ಶುರುವಾದರೆ ಜಾಗತಿಕ ಡೀಬಗ್ ಡೈರೆಕ್ಟರಿಯೊಳಗಿನ .ಬಿಲ್ಡ್-ಐಡಿ ಡೈರೆಕ್ಟರಿಯಲ್ಲಿ 49 ಎಂಬ ಒಳಡೈರೆಕ್ಟರಿಗೆ ಹೋಗಿ, 38ರಿಂದ ಮುಂದಿನ ಅಷ್ಟೂ ಅಕ್ಷರಗಳೇ ಹೆಸರಾಗಿ .ಡೀಬಗ್ ಎಂದು ಮುಗಿಯುವ ಫೈಲ್ ಇದೆಯೇ ನೋಡುತ್ತದೆ. ಸಿಗದಿದ್ದರೆ ಹಳೆಯ ದಾರಿ, ಡೀಬಗ್‌ಲಿಂಕ್ ಸೆಕ್ಷನ್. ಅದರಲ್ಲಿ ಒಂದು ಫೈಲ್ ಹೆಸರು ಮತ್ತು ಸಿಆರ್‌ಸಿ ಎಂಬ 32 ಬಿಟ್‌ನ ತಾಳೆ ಸಂಖ್ಯೆ ಇರುತ್ತದೆ. ಆ ಹೆಸರನ್ನು ಲೈಬ್ರರಿ ಇರುವ ಡೈರೆಕ್ಟರಿಯಲ್ಲಿ, ಅದರೊಳಗಿನ .ಡೀಬಗ್‌ನಲ್ಲಿ, ಆಮೇಲೆ ಜಾಗತಿಕ ಡೈರೆಕ್ಟರಿಯಲ್ಲಿ ಹುಡುಕಿ ಸಿಆರ್‌ಸಿ ತಾಳೆ ನೋಡುತ್ತದೆ. ಇವೆರಡೂ ಕೈಬಿಟ್ಟಾಗ ಡೀಬಗ್‌ಇನ್ಫೋಡಿಯ ಸರದಿ. ಬಿಲ್ಡ್-ಐಡಿಯನ್ನು ಸೇರಿಸಿ ಸರ್ವರ್‌ಗೆ ಒಂದು ಸಾದಾ ಎಚ್‌ಟಿಟಿಪಿ ವಿನಂತಿ ಹೋಗುತ್ತದೆ, ಫೈಲ್ ಬರುತ್ತದೆ. ಪ್ಯಾಕೇಜ್ ಹೆಸರು, ಆವೃತ್ತಿ, ರೂಟ್ ಅನುಮತಿ ಯಾವುದೂ ಬೇಡ. ‘ಲಿಸ್ಟ್’ ಕೊಟ್ಟರೆ ಸೋರ್ಸ್ ಫೈಲ್ ಕೂಡ ಅದೇ ದಾರಿಯಲ್ಲಿ ಬರಬಲ್ಲದು. ಹೆಸರಿನ ಬದಲು ಗುರುತಿನ ಮೇಲೆ ಹುಡುಕಾಟ ನಿಂತಿರುವುದರಿಂದ ತಪ್ಪು ಬಿಲ್ಡ್‌ನ ಮಾಹಿತಿ ಬರುವ ಪ್ರಮೇಯವೇ ಇಲ್ಲ. ಈ ಸೇವೆಯ ಬಗ್ಗೆ ನನಗಿರುವ ಗೌರವವೆಲ್ಲ ಈ ಒಂದು ವಿನ್ಯಾಸದ ನಿರ್ಧಾರದ ಮೇಲೆ ನಿಂತಿದೆ.

ಹೊಂದಿಸುವುದು ಸುಲಭ. ಡೀಬಗ್‌ಇನ್ಫೋಡಿ_ಯುಆರ್‌ಎಲ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಸರ್ವರ್ ವಿಳಾಸಗಳನ್ನು ನಡುವೆ ಜಾಗ ಬಿಟ್ಟು ಬರೆಯಬೇಕು. ಎಷ್ಟು ಬರೆದರೂ ಎಲ್ಲಕ್ಕೂ ಒಟ್ಟಿಗೇ ವಿನಂತಿ ಹೋಗುತ್ತದೆ. ಎಡವಟ್ಟಾಗುವ ಕಡೆಗಳು ಬೇರೆ. ಸುಡು (sudo) ಕಮಾಂಡ್ ಮೂಲಕ ಜಿಡಿಬಿ ಓಡಿಸಿದರೆ ಸಾಮಾನ್ಯವಾಗಿ ಆ ವೇರಿಯಬಲ್ ಒಳಗೆ ಹೋಗುವುದಿಲ್ಲ. ಸೇವೆಯೇ ಇಲ್ಲವೆಂಬಂತೆ ಜಿಡಿಬಿ ಸುಮ್ಮನಿರುತ್ತದೆ. ಜಿಡಿಬಿ 12ರಿಂದ ‘ಸೆಟ್ ಡೀಬಗ್‌ಇನ್ಫೋಡಿ ಎನೇಬಲ್ಡ್’ ಎಂಬ ಆಯ್ಕೆ ಇದೆ, ಅದರ ಮೂಲ ಬೆಲೆ ‘ಆಸ್ಕ್’. ಕೂತು ಟೈಪ್ ಮಾಡುವವರನ್ನು ಅದು ಒಮ್ಮೆ ಕೇಳಿಕೊಳ್ಳುತ್ತದೆ. ಬ್ಯಾಚ್ ಸ್ಕ್ರಿಪ್ಟ್‌ನಲ್ಲಿ ಉತ್ತರ ಕೊಡಲು ಯಾರೂ ಇಲ್ಲವಾದ್ದರಿಂದ ಬೇಡ ಎಂದೇ ಎಣಿಸುತ್ತದೆ. ಕ್ರ್ಯಾಶ್ ವರದಿ ತಯಾರಿಸುವ ಸ್ಕ್ರಿಪ್ಟ್‌ಗಳು ಕೈಯಲ್ಲಿ ಓಡಿಸಿದಾಗ ಚೆನ್ನಾಗಿ ಹೆಸರು ಕೊಟ್ಟು, ರಾತ್ರಿ ತಾವೇ ಓಡುವಾಗ ‘??’ ಕೊಡುವುದು ಇದೇ ಕಾರಣಕ್ಕೆ. ಜಿಡಿಬಿಇನಿಟ್ ಫೈಲ್‌ನಲ್ಲಿ ‘ಆನ್’ ಎಂದು ಬರೆದುಬಿಡಿ. ಜಿಡಿಬಿಯಲ್ಲೇ ‘ಸೆಟ್ ಡೀಬಗ್‌ಇನ್ಫೋಡಿ ಯುಆರ್‌ಎಲ್ಸ್’ ಕೂಡ ಕೊಟ್ಟರೆ ಸುಡು ಸಮಸ್ಯೆಯೂ ತೀರುತ್ತದೆ.

ಕ್ಯಾಶ್‌ನ ನಡತೆ ತಿಳಿದಿರಲೇಬೇಕು. ಇಳಿಸಿಕೊಂಡ ಫೈಲ್‌ಗಳು ಹೋಮ್ ಡೈರೆಕ್ಟರಿಯ .ಕ್ಯಾಶ್ ಒಳಗೆ ಡೀಬಗ್‌ಇನ್ಫೋಡಿ_ಕ್ಲೈಂಟ್ ಎಂಬಲ್ಲಿ ಕೂರುತ್ತವೆ. ಒಂದು ವಾರ, ಅಂದರೆ 604800 ಸೆಕೆಂಡ್, ಮುಟ್ಟದಿದ್ದರೆ ಅಳಿಸಲು ಅರ್ಹ. ಸಿಗಲಿಲ್ಲ ಎಂಬ ಉತ್ತರವೂ ಕ್ಯಾಶ್ ಆಗುತ್ತದೆ, 600 ಸೆಕೆಂಡ್ ಕಾಲ. ಸರ್ವರ್‌ನಲ್ಲಿ ಫೈಲ್ ಇಲ್ಲದಾಗ ಒಮ್ಮೆ ಕೇಳಿ, ಆಮೇಲೆ ಫೈಲ್ ಹಾಕಿ ತಕ್ಷಣ ಮತ್ತೆ ಕೇಳಿದರೆ ಹತ್ತು ನಿಮಿಷ ಅದೇ ‘ಇಲ್ಲ’ ಬರುತ್ತಿರುತ್ತದೆ. ಆ ಬಿಲ್ಡ್-ಐಡಿಯ ಹೆಸರಿನ ಡೈರೆಕ್ಟರಿಯನ್ನು ಕ್ಯಾಶ್‌ನಿಂದ ಅಳಿಸಿದರೆ ಕಾಯಬೇಕಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನೋಡಲು ಡೀಬಗ್‌ಇನ್ಫೋಡಿ_ವರ್ಬೋಸ್‌ಗೆ 1 ಕೊಟ್ಟು, ‘ಡೀಬಗ್‌ಇನ್ಫೋಡಿ-ಫೈಂಡ್ ಡೀಬಗ್‌ಇನ್ಫೋ’ ಎಂದು ಬಿಲ್ಡ್-ಐಡಿ ಕೊಟ್ಟು ಓಡಿಸಿ. ಯಾವ ಸರ್ವರ್ ಏನೆಂದಿತು ಎಂಬುದೆಲ್ಲ ಜಿಡಿಬಿಯ ಗದ್ದಲವಿಲ್ಲದೆ ಕಾಣುತ್ತದೆ.

ವೇಗದ ವಿಷಯದಲ್ಲಿ ಪೂರ್ತಿ ಅಂಕ ಕೊಡಲಾಗದು. ಗ್ರಾಫಿಕ್ಸ್ ಪ್ರೋಗ್ರಾಂ ಒಂದಕ್ಕೆ ಅಟ್ಯಾಚ್ ಮಾಡಿದರೆ ನೂರಕ್ಕೂ ಹೆಚ್ಚು ಲೈಬ್ರರಿ ಇರುವುದು ಸಾಮಾನ್ಯ. ಮೊದಲ ಸಲ ಅಷ್ಟಕ್ಕೂ ಒಂದೊಂದಾಗಿ ಡೌನ್‌ಲೋಡ್ ನಡೆಯುತ್ತದೆ. ಒಂದು ಡೌನ್‌ಲೋಡ್ ಬೇಡವೆನಿಸಿದರೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಬಹುದು. ಗೊತ್ತಿರುವ ಎರಡೇ ಲೈಬ್ರರಿ ಸಾಕಿದ್ದರೆ ಶುರುವಿನಲ್ಲೇ ‘ಸೆಟ್ ಆಟೊ-ಸಾಲಿಬ್-ಆ್ಯಡ್ ಆಫ್’ ಮಾಡಿ, ಆಮೇಲೆ ‘ಶೇರ್ಡ್‌ಲೈಬ್ರರಿ’ ಕಮಾಂಡ್‌ಗೆ ಹೆಸರಿನ ತುಣುಕು ಕೊಟ್ಟು ಬೇಕಾದವನ್ನಷ್ಟೇ ಓದಿಸಿ. ಬಂದ ಫೈಲ್ ಓದುವುದಕ್ಕೂ ಸಮಯ ಹಿಡಿಯುತ್ತದೆ. ‘ಸೆಟ್ ಇಂಡೆಕ್ಸ್-ಕ್ಯಾಶ್ ಎನೇಬಲ್ಡ್ ಆನ್’ ಎಂದರೆ ಎರಡನೇ ಸಲದಿಂದ ಸೂಚಿ ತಯಾರಿರುತ್ತದೆ. ನೆಟ್‌ವರ್ಕ್ ನಿಧಾನವಿದ್ದರೆ ಟೈಮ್‌ಔಟ್ ನೆನಪಿರಲಿ: 90 ಸೆಕೆಂಡ್‌ನಲ್ಲಿ ಕನಿಷ್ಠ 100 ಕೆಬಿ ಬರದಿದ್ದರೆ ಕೈಬಿಡುತ್ತದೆ. ಡೀಬಗ್‌ಇನ್ಫೋಡಿ_ಟೈಮ್‌ಔಟ್‌ನಿಂದ ಅದನ್ನು ಬದಲಿಸಬಹುದು.

ಗೋಪ್ಯತೆಯ ಬಗ್ಗೆ ಒಂದು ಎಚ್ಚರಿಕೆ. ಡೀಬಗ್ ಮಾಹಿತಿ ಇಲ್ಲದ ಪ್ರತಿ ಲೈಬ್ರರಿಯ ಬಿಲ್ಡ್-ಐಡಿಯೂ ಹೊರಗಿನ ಸರ್ವರ್‌ಗೆ ಹೋಗುತ್ತದೆ, ನಿಮ್ಮ ಖಾಸಗಿ ಲೈಬ್ರರಿಯದೂ ಸೇರಿ. ಅದರಿಂದ ಕೋಡ್ ಸೋರುವುದಿಲ್ಲ. ಆದರೂ ಯಾವ ಸಾಫ್ಟ್‌ವೇರ್‌ನ ಯಾವ ಬಿಲ್ಡ್ ಓಡುತ್ತಿದೆ ಎಂಬ ಸುಳಿವು ಹೊರಬೀಳಬಾರದ ಕಡೆ ಸ್ವಂತ ಸರ್ವರ್ ಇಟ್ಟುಕೊಳ್ಳುವುದೇ ಸರಿ.

ಡೀಬಗ್ ಮಾಹಿತಿ ಬಂದ ಮೇಲೂ ಒಂದು ಕಡೆ ಜಿಡಿಬಿಯ ಉತ್ತರ ತಪ್ಪಬಹುದು: ಎರಡು ಲೈಬ್ರರಿಗಳಲ್ಲಿ ಒಂದೇ ಹೆಸರಿನ ಗ್ಲೋಬಲ್ ವೇರಿಯಬಲ್ ಇದ್ದಾಗ. ಡೈನಮಿಕ್ ಲಿಂಕರ್ ಮುಖ್ಯ ಪ್ರೋಗ್ರಾಂ, ಪ್ರಿಲೋಡ್ ಆದವು, ಆಮೇಲೆ ಅವಲಂಬಿತ ಲೈಬ್ರರಿಗಳು ಎಂಬ ಕ್ರಮ ಹಿಡಿಯುತ್ತದೆ. ಡಿಎಲ್‌ಓಪನ್ ಆದ ಪ್ಲಗಿನ್‌ಗಳಿಗೆ ಅವವುಗಳದೇ ವ್ಯಾಪ್ತಿ. ಹೆಸರು ಹುಡುಕುವಾಗ ಜಿಡಿಬಿ ಆ ವ್ಯಾಪ್ತಿಗಳನ್ನು ಹಾಗೆ ಹಾಗೇ ಅನುಸರಿಸುವುದಿಲ್ಲ. ಪ್ರಿಂಟ್ ಮಾಡಿದ ಬೆಲೆ ವಿಚಿತ್ರವೆನಿಸಿದರೆ ‘ಇನ್ಫೋ ಸಿಂಬಲ್’ಗೆ ಆ ವೇರಿಯಬಲ್‌ನ ವಿಳಾಸ ಕೊಟ್ಟು ಯಾವ ಲೈಬ್ರರಿಯದೆಂದು ನೋಡಿ. ಬೇಕಾದದ್ದನ್ನೇ ಕೇಳಲು ಸೋರ್ಸ್ ಫೈಲ್ ಹೆಸರನ್ನು ಒಂಟಿ ಉದ್ಧರಣ ಚಿಹ್ನೆಯೊಳಗಿಟ್ಟು, ಎರಡು ಜೋಡಿ ಚುಕ್ಕೆ ಹಾಕಿ ವೇರಿಯಬಲ್ ಹೆಸರು ಬರೆಯಿರಿ. ಬ್ರೇಕ್‌ಪಾಯಿಂಟ್‌ಗೆ ಈ ಗೊಂದಲವಿಲ್ಲ. ಅದು ಹೆಸರು ಸಿಕ್ಕ ಎಲ್ಲ ಕಡೆಯೂ ಕೂರುತ್ತದೆ. ಇನ್ನೂ ಲೋಡ್ ಆಗದ ಲೈಬ್ರರಿಯ ಫಂಕ್ಷನ್ ಆದರೆ ‘ಸೆಟ್ ಬ್ರೇಕ್‌ಪಾಯಿಂಟ್ ಪೆಂಡಿಂಗ್ ಆನ್’ ಮೊದಲೇ ಕೊಡಿ.

ಬೇರೆ ಕಡೆ ಹೇಗಿದೆ ಎಂದರೆ, ಗುರುತಿನಿಂದ ಹುಡುಕುವ ವಿಚಾರ ಲಿನಕ್ಸ್‌ನದೇ ಅಲ್ಲ. ವಿಂಡೋಸ್‌ನಲ್ಲಿ ಸಿಂಬಲ್ ಸರ್ವರ್‌ಗಳು ಪಿಡಿಬಿ ಫೈಲ್‌ನ ಜಿಯುಐಡಿ ಮತ್ತು ಏಜ್ ನೋಡಿ ಕೊಡುತ್ತವೆ, ಮ್ಯಾಕ್‌ನಲ್ಲಿ ಡಿಸಿಮ್ ಕಟ್ಟು ಯುಯುಐಡಿಯಿಂದ ಹೊಂದುತ್ತದೆ. ಎಲ್‌ಎಲ್‌ಡಿಬಿಯ ‘ಇಮೇಜ್ ಲಿಸ್ಟ್’ ಪ್ರತಿ ಲೈಬ್ರರಿಯ ಗುರುತನ್ನು ಪಕ್ಕದಲ್ಲೇ ತೋರಿಸುತ್ತದೆ. ಜಿಡಿಬಿಯ ಪಟ್ಟಿಯಲ್ಲಿ ಇದಿಲ್ಲದಿರುವುದು ದೊಡ್ಡ ಕೊರತೆ.

ಸ್ವಂತ ಲೈಬ್ರರಿ ಕೊಡುವವರು ಬಿಲ್ಡ್‌ನಲ್ಲೇ ಮೂರು ಕೆಲಸ ಮಾಡಬೇಕು. ಕೆಲವು ಟೂಲ್‌ಚೈನ್‌ಗಳು ಬಿಲ್ಡ್-ಐಡಿಯನ್ನು ತಾವಾಗಿ ಬರೆಯುವುದಿಲ್ಲ, ಲಿಂಕರ್‌ಗೆ ಆ ಆಯ್ಕೆಯನ್ನು ಕೊಟ್ಟೇ ಲಿಂಕ್ ಮಾಡಿ. ಆಮೇಲೆ ಆಬ್ಜ್‌ಕಾಪಿಯ ಓನ್ಲಿ-ಕೀಪ್-ಡೀಬಗ್ ಆಯ್ಕೆಯಿಂದ ಡೀಬಗ್ ಫೈಲ್ ಬೇರೆ ತೆಗೆಯಿರಿ. ಸ್ಟ್ರಿಪ್ ಮಾಡುವುದು ಅದಾದ ಮೇಲೆ; ಮೊದಲೇ ಮಾಡಿದರೆ ತೆಗೆಯಲು ಏನೂ ಉಳಿದಿರುವುದಿಲ್ಲ. ಆ ಫೈಲ್‌ಗಳಿರುವ ಡೈರೆಕ್ಟರಿಯನ್ನು ‘ಡೀಬಗ್‌ಇನ್ಫೋಡಿ -ಎಫ್’ಗೆ (ದೊಡ್ಡಕ್ಷರದ ಎಫ್) ಕೊಟ್ಟರೆ 8002ನೇ ಪೋರ್ಟ್‌ನಲ್ಲಿ ಸರ್ವರ್ ಸಿದ್ಧ. ಆರ್‌ಪಿಎಂ ಕಡತಗಳಿಗೆ ‘-ಆರ್’, ಡೆಬ್ ಕಡತಗಳಿಗೆ ‘-ಯು’, ಅವೂ ದೊಡ್ಡಕ್ಷರವೇ. ಡೈರೆಕ್ಟರಿಯನ್ನು 300 ಸೆಕೆಂಡ್‌ಗೊಮ್ಮೆ ಮತ್ತೆ ನೋಡುತ್ತದೆ, ಅವಸರವಿದ್ದರೆ ಯುಎಸ್‌ಆರ್1 ಸಿಗ್ನಲ್ ಕಳಿಸಿ. ಆ ಸರ್ವರ್‌ಗೂ ಯುಆರ್‌ಎಲ್ಸ್ ವೇರಿಯಬಲ್ ಕೊಟ್ಟಿದ್ದರೆ ತನ್ನಲ್ಲಿಲ್ಲದ್ದನ್ನು ಮೇಲಿನ ಸರ್ವರ್‌ನಿಂದ ತಂದುಕೊಡುತ್ತದೆ, ಬಳಸುವವರಿಗೆ ಒಂದೇ ವಿಳಾಸ ಸಾಕು. ಹಳೆಯ ಬಿಲ್ಡ್‌ಗಳ ಡೀಬಗ್ ಫೈಲ್‌ಗಳನ್ನು ಮಾತ್ರ ಅವಸರದಲ್ಲಿ ಅಳಿಸಬೇಡಿ. ಆ ಬಿಲ್ಡ್ ಯಾವುದಾದರೂ ಯಂತ್ರದಲ್ಲಿ ಇನ್ನೂ ಓಡುತ್ತಿದ್ದರೆ ಅಲ್ಲಿಂದ ಬರುವ ಕೋರ್ ಫೈಲ್‌ಗೆ ಬೇಕಾಗುವುದು ಅದೇ ಫೈಲ್. ಅದೇ ಸೋರ್ಸ್‌ನಿಂದ ಮತ್ತೆ ಬಿಲ್ಡ್ ಮಾಡಿದರೂ ಟೂಲ್‌ಚೈನ್ ಒಂದಿಷ್ಟು ಬದಲಾಗಿದ್ದರೆ ಬಿಲ್ಡ್-ಐಡಿ ಬೇರೆಯದೇ ಬರುತ್ತದೆ.